ಹಾರ್ನ್‌ಬೀಮ್ ಮರ ಕೊಡಗಿನ ತೋಟಕ್ಕೆ ಹೊಂದೀತೇ?

ಸೋಮವಾರಪೇಟೆ ಸಮೀಪದ ತಮ್ಮ ಕಾಫಿ ತೋಟದ ಅಂಚಿಗೆ, ಯುರೋಪಿನ ಉದ್ಯಾನಗಳಲ್ಲಿ ಕಂಡ ಹಾರ್ನ್‌ಬೀಮ್ ಬೇಲಿಯನ್ನು ಬೆಳೆಸಬಹುದೇ, ಅದರ ಮರದಿಂದ ಗುದ್ದಲಿಯ ಕಾವು ಮಾಡಿಸಬಹುದೇ ಎಂದು ಕೇಳಿದ್ದೀರಿ. ಹೆಸರು ಕೇಳಿದೊಡನೆ ನಮ್ಮವರಿಗೆ ಮಂಗಟ್ಟೆ ಹಕ್ಕಿಯ ಇಂಗ್ಲಿಷ್ ಹೆಸರು ನೆನಪಾಗುವುದುಂಟು, ಎರಡಕ್ಕೂ ಸಂಬಂಧವಿಲ್ಲ. ಇದು ಭೂರ್ಜ ವೃಕ್ಷದ ಕುಟುಂಬಕ್ಕೆ ಸೇರಿದ ಕಾರ್ಪಿನಸ್ ಕುಲ. ಕೊಂಬಿನಷ್ಟು ಗಟ್ಟಿಯಾದ ಮರ ಎಂಬುದೇ ಆ ಹೆಸರಿನ ಅರ್ಥ.

ಗಟ್ಟಿತನದ ಮಾತು ಉತ್ಪ್ರೇಕ್ಷೆಯಲ್ಲ. ಕಬ್ಬಿಣದ ಯಂತ್ರಭಾಗಗಳು ಬರುವ ಮೊದಲು ಯುರೋಪಿನ ಗಿರಣಿಗಳಲ್ಲಿ ಚಕ್ರದ ಹಲ್ಲುಗಳನ್ನು, ಮಾಂಸದಂಗಡಿಗಳಲ್ಲಿ ಕಡಿಯುವ ಕೊರಡನ್ನು ಇದರಿಂದ ಮಾಡುತ್ತಿದ್ದರು. ಪಿಯಾನೊದ ಒಳಗಿನ ಸಣ್ಣ ಭಾಗಗಳಿಗೆ ಇದು ಇಂದಿಗೂ ಬಳಕೆಯಲ್ಲಿದೆ. ನುಣುಪಾದ ಬೂದು ಕಾಂಡವು, ದುಡಿಯುವವನ ತೋಳಿನ ಸ್ನಾಯುಗಳಂತೆ, ಉದ್ದುದ್ದಕ್ಕೆ ಉಬ್ಬಿ ತಗ್ಗಿರುತ್ತದೆ. ಎಲೆಯ ಅಂಚಿನ ಹಲ್ಲುಗಳ ಮೇಲೆ ಮತ್ತೆ ಪುಟ್ಟ ಹಲ್ಲುಗಳಿರುತ್ತವೆ.

ಆದರೆ ಇದು ಚಳಿನಾಡಿನ ಮರ. ಭಾರತದಲ್ಲಿ ಇದರ ಪ್ರಭೇದಗಳು ಕಾಣುವುದು ಹಿಮಾಲಯದಲ್ಲಿ. ಬೀಜ ಮೊಳೆಯಬೇಕಾದರೆ ಹಲವು ವಾರಗಳ ಶೀತ ಬೇಕು. ಎಲೆ ಉದುರಿಸಿ ಮಲಗುವ ಮರಕ್ಕೆ ನಮ್ಮ ಡಿಸೆಂಬರ್ ತಿಂಗಳ ಮಂಜು ಸಾಲದೆಂಬುದು ನನ್ನ ಅಭಿಪ್ರಾಯ. ಬೇಲಿಗೆ ಹಾಲವಾಣದ ಗೂಟ ನೆಟ್ಟರೆ ಮಳೆಗಾಲದಲ್ಲಿ ತಾನೇ ಚಿಗುರುತ್ತದೆ. ಕಾವಿಗಾದರೆ, ಕಿತ್ತು ಹಾಕಿದ ಹಳೆಯ ಕಾಫಿ ಗಿಡದ ನೇರವಾದ ಕಾಂಡವನ್ನು ನೆರಳಿನಲ್ಲಿ ಒಣಗಿಸಿ ನೋಡಿ. ಅದೂ ಸಾಕಷ್ಟು ಗಟ್ಟಿ.