ಶಾಲು ಬೇಡ ಎಂದ ಆಶಾ ಅಕ್ಕ

ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಸಂಬಂಧಪಟ್ಟವರು ಓದಿ ಒಪ್ಪಿದ ಮೇಲೆಯೇ ಇದನ್ನು ಹಾಕುತ್ತಿದ್ದೇನೆ.

ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಹಳ್ಳಿ. ಅವರು ಅಲ್ಲಿನ ಆಶಾ ಕಾರ್ಯಕರ್ತೆ. ವಯಸ್ಸು 40ರ ಆಸುಪಾಸು. ಊರಿಗೆಲ್ಲ ‘ಆಶಾ ಅಕ್ಕ’, ನಾನೂ ಹಾಗೇ ಕರೆಯುತ್ತೇನೆ.

ನವೆಂಬರ್ ಮೊದಲ ವಾರ ನನ್ನ ಬಳಿ ಸಲಹೆ ಕೇಳಲು ಬಂದಿದ್ದರು. ಕೂತ ತಕ್ಷಣ ಕೇಳಿದ್ದು ಒಂದೇ ಮಾತು: “ಮೇಡಂ, ಸನ್ಮಾನ ಬೇಡ ಅಂತ ಹೇಳೋದು ಹೇಗೆ? ಯಾರಿಗೂ ಬೇಜಾರಾಗಬಾರದು.”

ನವೆಂಬರ್ ತಿಂಗಳನ್ನು ದತ್ತು ಜಾಗೃತಿ ಮಾಸ ಎಂದು ಆಚರಿಸುತ್ತಾರೆ. ಮಕ್ಕಳಿಗೆ ಮನೆ ಸಿಗಲು ನೆರವಾದವರನ್ನು ಕರೆದು ಗೌರವಿಸೋಣ ಎಂದು ತಾಲ್ಲೂಕಿನ ಒಂದು ಸಂಘದವರು ಹೊರಟಿದ್ದರು. ಒಳ್ಳೆಯ ಮನಸ್ಸಿನಿಂದಲೇ. ಪಟ್ಟಿಯಲ್ಲಿ ಅಕ್ಕನ ಹೆಸರೇ ಮೊದಲು. ಫ್ಲೆಕ್ಸ್‌ಗೆ ಹಾಕಲು ಫೋಟೋ ಬೇಕು ಎಂದು ಮನೆಗೆ ಬಂದರು. ಅಕ್ಕ ಒಬ್ಬರೇ ಇರುವ ಫೋಟೋ ಸಾಲದು, ಮಗುವನ್ನು ಎತ್ತಿಕೊಂಡಿರುವುದೇ ಬೇಕು ಎಂದರು. ಅವತ್ತಿನಿಂದ ಅಕ್ಕನಿಗೆ ನಿದ್ದೆ ಇಲ್ಲ.

ಆ ಮಗು ಸಿಕ್ಕಿದ್ದು ಹಿಂದಿನ ವರ್ಷದ ಮಾತು. ಬೆಳಗಿನ ಜಾವ ಹಿಪ್ಪುನೇರಳೆ ತೋಟಕ್ಕೆ ಸೊಪ್ಪು ಕೊಯ್ಯಲು ಹೋದವರಿಗೆ ಅಳು ಕೇಳಿತ್ತು. ಸಾಲಿನ ನಡುವೆ ಹಳೇ ಟವೆಲ್‌ನಲ್ಲಿ ಸುತ್ತಿಟ್ಟ ಹೆಣ್ಣು ಮಗು. ಹೊಕ್ಕುಳ ಬಳ್ಳಿಗೆ ಯಾರೋ ದಾರ ಬಿಗಿದಿದ್ದರು. ಅಕ್ಕನಿಗೆ ಫೋನ್ ಬಂತು, ಓಡಿದರು. ಟವೆಲ್ ಇಬ್ಬನಿಯಲ್ಲಿ ನೆಂದು ಮಗುವಿನ ಮೈ ತಣ್ಣಗಾಗಿತ್ತು. ಟವೆಲ್ ಬಿಚ್ಚಿ, ಮಗುವನ್ನು ಎದೆಗೆ ಒತ್ತಿಕೊಂಡು, ಮೇಲೆ ತಮ್ಮ ಗುಲಾಬಿ ಸೀರೆಯ ಸೆರಗು ಸುತ್ತಿದರು. ಆಟೋ ಹತ್ತಿ ತಾಲ್ಲೂಕು ಆಸ್ಪತ್ರೆಗೆ ಹೊರಟರು. ಆಟೋದವನು ದುಡ್ಡು ಮುಟ್ಟಲಿಲ್ಲ. ದಾರಿಯಲ್ಲೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರು.

ಆಸ್ಪತ್ರೆ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಪಕ್ಕದಲ್ಲಿ ನಾದಿನಿ. ನಾದಿನಿಗೆ ಮದುವೆಯಾಗಿ 11 ವರ್ಷ, ಮಕ್ಕಳಿಲ್ಲ. “ದೇವರೇ ತಂದುಕೊಟ್ಟಿದ್ದಾನೆ. ಯಾರಿಗೂ ಹೇಳಬೇಡ, ಇವಳ ಮಡಿಲಿಗೆ ಹಾಕು,” ಎಂದರಂತೆ ಅತ್ತೆ. ಮನೆಮಾತು ತೆಲುಗು. ಈ ಮಾತನ್ನು ಅಕ್ಕ ನನ್ನ ಮುಂದೆ ಮೊದಲು ತೆಲುಗಿನಲ್ಲೇ ಹೇಳಿದರು, ಆಮೇಲೆ ಕನ್ನಡದಲ್ಲಿ. ನಾದಿನಿ ಬಾಯಿ ಬಿಡಲಿಲ್ಲ. ಎರಡೂ ಕೈ ಚಾಚಿ ನಿಂತಳು.

ಅಕ್ಕ ಕೊಡಲಿಲ್ಲ.

ಮಗು ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹೋಯಿತು, ಅಲ್ಲಿಂದ ದತ್ತು ಕೇಂದ್ರಕ್ಕೆ. ಕೆಲವು ತಿಂಗಳಾದ ಮೇಲೆ ಮಕ್ಕಳ ರಕ್ಷಣಾ ಘಟಕದವರೊಬ್ಬರು “ಮಗುವಿಗೆ ಮನೆ ಸಿಕ್ಕಿತು” ಎಂದಷ್ಟೇ ಹೇಳಿದರು. ಇತ್ತ ನಾದಿನಿ ಅವತ್ತಿನಿಂದ ಮಾತು ಬಿಟ್ಟಿದ್ದಾಳೆ. ಯುಗಾದಿಗೂ ತವರಿಗೆ ಬಂದಿಲ್ಲ.

ಮೊದಲ ದಿನ ನಾನೊಂದು ತಪ್ಪು ಮಾಡಿದೆ. ಕಥೆ ಮುಗಿಯುತ್ತಿದ್ದಂತೆ “ಅಕ್ಕ, ನೀವು ಸರಿಯಾದ ಕೆಲಸ ಮಾಡಿದ್ದೀರಿ” ಎಂದುಬಿಟ್ಟೆ. ಅವರು ಸುಮ್ಮನಾದರು. “ಎಲ್ಲರೂ ಅದೇ ಅಂತಾರೆ ಮೇಡಂ. ಆದ್ರೆ ಆ ಕೈ ನೋಡಿದವಳು ನಾನು.” ಅಲ್ಲಿಗೆ ನನ್ನ ಸಮಾಧಾನದ ಮಾತು ನಿಂತಿತು. ಎರಡನೇ ಸಲ ಬಂದಾಗ ಅವರು ಹೇಳಿದ್ದನ್ನು ಕೇಳಿಸಿಕೊಂಡೆ, ಅಷ್ಟೇ. ಸುಮಾರು ಆರು ಗಂಟೆ ಹೊತ್ತು ಆ ಮಗು ಅವರ ಎದೆ ಮೇಲಿತ್ತು. ಈಗ ಬಾಣಂತಿಯರ ಮನೆಗೆ ಹೋದರೆ ಮಗುವನ್ನು ಎತ್ತಿಕೊಳ್ಳಲು ಕೈ ನಡುಗುತ್ತದೆ. ಊರವರಿಗೆ ಕಂಡದ್ದು ಅವರ ಧೈರ್ಯ ಮಾತ್ರ. ದುಃಖವನ್ನು ಯಾರೂ ಕೇಳಿರಲಿಲ್ಲ.

ಮೂರನೇ ಸಲ ನಾನು ಬಿಡಿಸಿ ಹೇಳಿದೆ. ನಾದಿನಿಗೆ ಆದ ನೋವು ನಿಜ. ಮಗುವನ್ನು ಕೊಡದೇ ಇದ್ದದ್ದೂ ಸರಿ. ಒಂದನ್ನು ಒಪ್ಪಲು ಇನ್ನೊಂದನ್ನು ಅಲ್ಲಗಳೆಯಬೇಕಾಗಿಲ್ಲ. ಅವತ್ತು ಮಡಿಲಿಗೆ ಹಾಕಿದ್ದರೆ ಅದು ದತ್ತು ಅನ್ನಿಸಿಕೊಳ್ಳುತ್ತಿರಲಿಲ್ಲ. 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಅದಕ್ಕೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ ಇದೆ. ನನಗೆ ಜೈಲಿಗಿಂತ ದೊಡ್ಡದಾಗಿ ಕಾಣುವುದು ಬೇರೆ. ಎರಡು ವರ್ಷದೊಳಗಿನ ಮಗುವಾದರೆ ಸಮಿತಿ ಎರಡು ತಿಂಗಳಲ್ಲಿ ಹೆತ್ತವರನ್ನು ಹುಡುಕಿಸಿ, ಯಾರೂ ಬಾರದಿದ್ದರೆ ಮಾತ್ರ ದತ್ತು ಕೊಡಬಹುದೆಂದು ಘೋಷಿಸುತ್ತದೆ. ಹೆತ್ತವಳು ಮನಸ್ಸು ಬದಲಿಸಿ ಬಂದರೆ ಅವಳಿಗೂ ಒಂದು ದಾರಿ ಇರುತ್ತದೆ. ಕದ್ದು ಸಾಕಿದ್ದರೆ ಆ ದಾರಿ ಮುಚ್ಚುತ್ತಿತ್ತು. ನಾದಿನಿಯೂ ಜೀವನವಿಡೀ ಬಾಗಿಲು ತಟ್ಟಿದ ಸದ್ದಿಗೆ ಬೆಚ್ಚಿಬೀಳಬೇಕಿತ್ತು.

ಆಮೇಲೆ ಫೋಟೋ ವಿಷಯ. ಅಕ್ಕ ಮೊಬೈಲ್ ತೆಗೆದು ತೋರಿಸಿದರು. ಆಸ್ಪತ್ರೆಯ ನರ್ಸ್ ತೆಗೆದದ್ದು. ಸೆರಗಿನಿಂದ ಇಣುಕುವ ಒಂದು ಕಿವಿ, ಅದರ ಮೇಲೆ ಒಣಗಿ ಅಂಟಿದ ಮಣ್ಣು.

ಇದನ್ನು ಯಾರಿಗೂ ಕೊಡಬೇಡಿ ಎಂದೆ. ಫ್ಲೆಕ್ಸ್‌ಗೂ ಬೇಡ, ವಾಟ್ಸಾಪ್‌ಗೂ ಬೇಡ. ಅದೇ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಇಂಥ ಮಗುವಿನ ಗುರುತನ್ನು ಬಯಲು ಮಾಡುವಂತಿಲ್ಲ. ಶಿಕ್ಷೆ 6 ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆ ಹುಡುಗಿ ಮುಂದೆ ಯಾವುದೋ ಊರಿನ ಶಾಲೆಯಲ್ಲಿ ಓದುತ್ತಾಳೆ. ‘ತೋಟದಲ್ಲಿ ಸಿಕ್ಕ ಮಗು’ ಎಂಬ ಹಣೆಪಟ್ಟಿ ಅವಳ ಬೆನ್ನು ಹತ್ತಬಾರದು. ಫೋಟೋವನ್ನು ಮಕ್ಕಳ ರಕ್ಷಣಾ ಘಟಕಕ್ಕೆ ಒಪ್ಪಿಸಿ, ಮಗುವಿನ ಕಡತಕ್ಕೆ ಸೇರಿಸಲು ಕೇಳಿ, ಆಮೇಲೆ ಮೊಬೈಲ್‌ನಿಂದ ಅಳಿಸಿ ಎಂದೆ. ಜೊತೆಗೆ ಆ ಬೆಳಗ್ಗೆ ನಡೆದದ್ದನ್ನು ನಿಮ್ಮ ಕೈಬರಹದಲ್ಲೇ ಬರೆದುಕೊಡಿ ಎಂದೆ. ದತ್ತು ಹೋದ ಮಗುವಿಗೆ ದೊಡ್ಡವಳಾದ ಮೇಲೆ ತನ್ನ ಮೂಲವನ್ನು ಕೇಳುವ ಹಕ್ಕಿದೆ. ಕೇಳಿಕೊಂಡು ಬಂದ ದಿನ ಕಡತದಲ್ಲಿ ‘ತೊರೆದ ಮಗು’ ಎಂಬ ಎರಡು ಪದ ಮಾತ್ರ ಸಿಕ್ಕರೆ ಹೇಗಿರುತ್ತದೆ? ನನ್ನನ್ನು ಒಬ್ಬರು ಎದೆಗೆ ಒತ್ತಿಕೊಂಡು ಬೆಚ್ಚಗೆ ಮಾಡಿದರು ಎಂಬುದೂ ಅವಳಿಗೆ ಸಿಗಬೇಕು.

ಅಕ್ಕ ಎರಡು ಪುಟ ಬರೆದರು. ಮೂರು ದಿನ ಹಿಡಿಯಿತು. ಬರೆದು ಕೊಟ್ಟ ರಾತ್ರಿ ನಿದ್ದೆ ಬಂತಂತೆ.

ಸಂಘದವರ ಜೊತೆ ನಾನೇ ಮಾತಾಡಿದೆ. ಪಾಪ, ಅವರಿಗೆ ಕಾನೂನು ಗೊತ್ತಿರಲಿಲ್ಲ, ತಕ್ಷಣ ಒಪ್ಪಿದರು. ಮಗುವಿನ ಫೋಟೋ ಬೇಡ, ಊರು ಬೇಡ, ತಾರೀಖು ಬೇಡ. ದತ್ತು ಪಡೆದ ಕುಟುಂಬಗಳನ್ನು ವೇದಿಕೆಗೆ ಕರೆಯುವುದಂತೂ ಬೇಡವೇ ಬೇಡ. ಯಾರನ್ನು ಗೌರವಿಸಬೇಕು ಎಂದು ಅಕ್ಕನನ್ನೇ ಕೇಳಿ ಎಂದೆ. ಅವರು ಇಬ್ಬರನ್ನು ಹೇಳಿದರು: ಆ ಆಟೋದವನು, ಮತ್ತೆ ದತ್ತು ಕೇಂದ್ರದಲ್ಲಿ ರಾತ್ರಿಯಿಡೀ ಎರಡೆರಡು ಗಂಟೆಗೆ ಎದ್ದು ಹಾಲು ಕುಡಿಸುವ ಆಯಾ. ನಮ್ಮ ಕಡೆ ಸನ್ಮಾನ ಎಂದರೆ ಹೆಚ್ಚಾಗಿ ದುಡ್ಡು ಕೊಟ್ಟವರಿಗೆ, ಅಧಿಕಾರದಲ್ಲಿ ಇರುವವರಿಗೆ. ಹಾಲು ಕುಡಿಸಿದ ಕೈಗೂ ಒಂದು ಹಾರ ಬೀಳಬೇಕು ಎಂಬುದು ನನ್ನ ಬಹಳ ದಿನದ ಆಸೆ. ಅವತ್ತು ಬಿತ್ತು. ಅಕ್ಕ ಕೆಳಗೆ ಕೂತು ಚಪ್ಪಾಳೆ ತಟ್ಟಿದರು. ತಮಗೆ ಶಾಲು ಬೇಡವೆಂದರು, ಅರಿಶಿನ ಕುಂಕುಮ ತೆಗೆದುಕೊಂಡರು.

ನಾದಿನಿ ವಿಷಯದಲ್ಲಿ ಕ್ಷಮೆ ಕೇಳಲು ನಾನು ಹೇಳಲಿಲ್ಲ. ತಪ್ಪು ಮಾಡದವರು ಕೇಳುವ ಕ್ಷಮೆ ಹೆಚ್ಚು ದಿನ ನಿಲ್ಲುವುದಿಲ್ಲ. “ಅವತ್ತು ನಿನ್ನ ಕೈ ನೋಡಿದೆ, ಮರೆತಿಲ್ಲ” ಎಂದಷ್ಟೇ ಹೇಳಿ ಎಂದೆ. ಅವಳು ಬಯಸಿದರೆ ದತ್ತು ನೋಂದಣಿಗೆ ಜೊತೆಗೆ ಹೋಗಿ ಎಂದೆ.

ಜನವರಿಯಲ್ಲಿ ಇಬ್ಬರೂ ಬಂದರು. ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು ಕೂತರು. ನಾದಿನಿಗೆ ಎಲ್ಲ ವಿವರಿಸಿದೆ. ಕೇಂದ್ರದ ದತ್ತು ಪ್ರಾಧಿಕಾರ ‘ಕಾರಾ’ದ ಪೋರ್ಟಲ್‌ನಲ್ಲಿ ನೋಂದಣಿ, ಸಮಾಜ ಕಾರ್ಯಕರ್ತರು ಮನೆಗೆ ಬಂದು ಬರೆಯುವ ವರದಿ, ಆ ವರದಿ 3 ವರ್ಷ ಊರ್ಜಿತ. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವುದು ಜಿಲ್ಲಾಧಿಕಾರಿ, ಕೋರ್ಟಿಗೆ ಅಲೆಯಬೇಕಿಲ್ಲ. ಎಳೇ ಮಗುವೇ ಬೇಕೆಂದರೆ ವರ್ಷಗಟ್ಟಲೆ ಕಾಯಬೇಕು ಎಂಬುದನ್ನೂ ಮುಚ್ಚಿಡಲಿಲ್ಲ.

ಅವಳು ಕೇಳಿದ್ದು ಒಂದೇ ಪ್ರಶ್ನೆ. “ಮನೆ ನೋಡೋಕೆ ಬಂದಾಗ ರೇಷ್ಮೆ ಹುಳ ಇದ್ರೆ ಬೇಡ ಅಂತಾರಾ ಮೇಡಂ?”

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದರು. “ಯಾಕೆ ಅಂತಾರೆ? ಹುಳ ಹಣ್ಣಾಗಿ ಗೂಡು ಕಟ್ಟೋ ವಾರ ಮಾತ್ರ ಬೇಡ ಅನ್ನು. ಬಂದವರಿಗೆ ಕೂರೋಕೂ ಜಾಗ ಇರಲ್ಲ.”