ಕಬ್ಬಿಣಕ್ಕೆ ಮೂರು ಈಕ್ವಿವಲೆಂಟ್ ತೂಕ, ಯಾವುದು ಸರಿ?

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿನಿ. ಕಬ್ಬಿಣದ ಪರಮಾಣು ತೂಕ 56. ಅದರ ಈಕ್ವಿವಲೆಂಟ್ ತೂಕ ಒಂದು ಲೆಕ್ಕದಲ್ಲಿ 28 ಬಂತು, ಇನ್ನೊಂದರಲ್ಲಿ 18.67. ಲ್ಯಾಬಿನಲ್ಲಿ ಟೈಟ್ರೇಶನ್ (ಒಂದು ದ್ರಾವಣವನ್ನು ಇನ್ನೊಂದಕ್ಕೆ ಹನಿಹನಿಯಾಗಿ ಸೇರಿಸಿ ಅಳೆಯುವ ಪ್ರಯೋಗ) ಮಾಡುವಾಗ 56 ಅಂತಲೇ ಹಾಕಿಸಿದರು. ಉತ್ಕರ್ಷಣ ಸಂಖ್ಯೆಯಿಂದ (ಪರಮಾಣು ಎಷ್ಟು ಇಲೆಕ್ಟ್ರಾನ್ ಬಿಟ್ಟಿದೆ ಅಥವಾ ಪಡೆದಿದೆ ಅಂತ ಲೆಕ್ಕ ಹಿಡಿಯುವ ಸಂಖ್ಯೆ) ಭಾಗಿಸಬೇಕು ಅಂತ ಕಲಿತಿದ್ದೇನೆ. ಹಾಗಾದರೆ 56 ಎಲ್ಲಿಂದ ಬಂತು?

ಉತ್ತರ: ಮೂರೂ ಸರಿ. ನೀವು ಕಲಿತ ಸೂತ್ರ ಮಾತ್ರ ಅರ್ಧಕ್ಕೆ ನಿಂತಿದೆ.

8 ಗ್ರಾಂ ಆಕ್ಸಿಜನ್ ಜೊತೆ ಎಷ್ಟು ಗ್ರಾಂ ಧಾತು ಸೇರುತ್ತದೋ ಅದೇ ಅದರ ಈಕ್ವಿವಲೆಂಟ್ ತೂಕ. ಫೆರಸ್ ಆಕ್ಸೈಡ್‌ನಲ್ಲಿ 16 ಗ್ರಾಂ ಆಕ್ಸಿಜನ್‌ಗೆ 56 ಗ್ರಾಂ ಕಬ್ಬಿಣ ಇರುತ್ತದೆ, ಅಂದರೆ 8 ಗ್ರಾಂಗೆ 28. ಫೆರಿಕ್ ಆಕ್ಸೈಡ್‌ನಲ್ಲಿ 48 ಗ್ರಾಂಗೆ 112 ಗ್ರಾಂ, 8ಕ್ಕೆ ಇಳಿಸಿದರೆ 18.67. ಕಬ್ಬಿಣದ ಉತ್ಕರ್ಷಣ ಸಂಖ್ಯೆ ಫೆರಸ್‌ನಲ್ಲಿ +2, ಫೆರಿಕ್‌ನಲ್ಲಿ +3. 56ನ್ನು +2ರ 2ರಿಂದ, +3ರ 3ರಿಂದ ಭಾಗಿಸಿದರೂ ಇದೇ ಉತ್ತರ.

ಆದರೆ ಇಲ್ಲಿ ಕಬ್ಬಿಣ ಹೊರಟಿದ್ದು ಸೊನ್ನೆಯಿಂದ, ಬರೀ ಲೋಹವಾಗಿ. ಅದಕ್ಕೇ ಉತ್ಕರ್ಷಣ ಸಂಖ್ಯೆಯೂ ಅದರಲ್ಲಿ ಆದ ಬದಲಾವಣೆಯೂ ಒಂದೇ ಆಗಿ ಕಾಣುತ್ತವೆ. ಭಾಗಿಸಬೇಕಾದ್ದು ಬದಲಾವಣೆಯಿಂದ. ಟೈಟ್ರೇಶನ್‌ನಲ್ಲಿ ಕಬ್ಬಿಣ +2ರಿಂದ +3ಕ್ಕೆ ಹೋಗುತ್ತದೆ, ಬದಲಾವಣೆ ಬರೀ 1, ಹಾಗಾಗಿ 56. ಈ ಒಂದು ಮಾತನ್ನು ಮೊದಲ ದಿನವೇ ಹೇಳಿಕೊಟ್ಟರೆ ಎಷ್ಟೋ ಮಕ್ಕಳ ಭಯ ಹೋಗುತ್ತದೆ ಅಂತ ನನಗೆ ನಿಜವಾಗಿ ಅನ್ನಿಸುತ್ತದೆ.

ಟೈಟ್ರೇಶನ್‌ಗೆ ಬಳಸುವ ಅಳತೆಯ ಗಾಜಿನ ಕೊಳವೆ, ಅಂದರೆ ನಿಮ್ಮ ಬ್ಯುರೆಟ್‌ನಲ್ಲೇ ಇರುವ ಪೊಟ್ಯಾಸಿಯಂ ಪರ್ಮಾಂಗನೇಟ್ ನೋಡಿ. ಅದರ ಅಣು ತೂಕ 158, ಮ್ಯಾಂಗನೀಸ್ +7ರಲ್ಲಿದೆ. ಸುಮ್ನೆ 7ರಿಂದ ಭಾಗಿಸಿಬಿಡುವವರು ಜಾಸ್ತಿ, ಅದು ತಪ್ಪು. ಸಾಕಷ್ಟು ಸಲ್ಫ್ಯೂರಿಕ್ ಆಮ್ಲ ಇದ್ದರೆ ಮ್ಯಾಂಗನೀಸ್ +2ಕ್ಕೆ ಇಳಿಯುತ್ತದೆ, ನೇರಳೆ ಬಣ್ಣ ಮಾಯವಾಗುತ್ತದೆ, ಬದಲಾವಣೆ 5, ಈಕ್ವಿವಲೆಂಟ್ ತೂಕ 31.6. ಆಮ್ಲ ಕಡಿಮೆ ಹಾಕಿದಾಗ ಫ್ಲಾಸ್ಕಿನಲ್ಲಿ ಕಂದು ಬಣ್ಣದ ಗಸಿ ಕಾಣುತ್ತದೆ ಅಲ್ವಾ? ಅದು ಮ್ಯಾಂಗನೀಸ್ ಡೈಆಕ್ಸೈಡ್. ಅಲ್ಲಿ ಮ್ಯಾಂಗನೀಸ್ +4ರಲ್ಲೇ ನಿಂತುಬಿಟ್ಟಿದೆ, ಬದಲಾವಣೆ 3, ತೂಕ 52.67. ಅಂದರೆ ನೀವು 31.6 ಹಿಡಿದು ಲೆಕ್ಕ ಮಾಡುತ್ತಿದ್ದೀರಿ, ಫ್ಲಾಸ್ಕಿನೊಳಗೆ ನಡೆಯುತ್ತಿರುವುದು ಬೇರೆಯೇ ಕ್ರಿಯೆ. ಗಸಿ ಕಂಡರೆ ಆ ರೀಡಿಂಗ್ ಬಿಟ್ಟು ಮತ್ತೆ ಶುರು ಮಾಡಿ.

ಇನ್ನೊಂದು ಕಡೆ ಎಡವುತ್ತಾರೆ. ಪೊಟ್ಯಾಸಿಯಂ ಡೈಕ್ರೋಮೇಟ್‌ನಲ್ಲಿ ಕ್ರೋಮಿಯಂ +6ರಿಂದ +3ಕ್ಕೆ ಬರುತ್ತದೆ, ಆದರೆ ಒಂದು ಅಣುವಿನಲ್ಲಿ ಎರಡು ಕ್ರೋಮಿಯಂ ಇವೆ. ಹಾಗಾಗಿ 294ನ್ನು 3ರಿಂದಲ್ಲ, 6ರಿಂದ ಭಾಗಿಸಿ, 49 ಬರುತ್ತದೆ.

ಮುಂದಿನ ಸಲ ಲೆಕ್ಕಕ್ಕೆ ಕೂತಾಗ ಪಟ್ಟಿಯಿಂದ ಸಂಖ್ಯೆ ಹುಡುಕಬೇಡಿ. ಧಾತು ಯಾವ ಸಂಖ್ಯೆಯಿಂದ ಹೊರಟು ಎಲ್ಲಿಗೆ ಬಂತು, ಅಂಥ ಪರಮಾಣು ಎಷ್ಟಿವೆ, ಇದನ್ನು ಮೊದಲು ಬರೆದುಕೊಳ್ಳಿ. ಲ್ಯಾಬಿನ ಮೋರ್ ಲವಣವನ್ನೇ (+2 ಕಬ್ಬಿಣ ಇರುವ ಒಂದು ಲವಣ) ತೊಗೊಳ್ಳಿ. ಅಣು ತೂಕ 392, ಕಬ್ಬಿಣದ ಬದಲಾವಣೆ 1, ಈಕ್ವಿವಲೆಂಟ್ ತೂಕವೂ 392. 0.1 ನಾರ್ಮಲ್ ದ್ರಾವಣ (ಲೀಟರಿಗೆ ಈಕ್ವಿವಲೆಂಟ್ ತೂಕದ ಹತ್ತನೇ ಒಂದು ಭಾಗದಷ್ಟು ಗ್ರಾಂ) 100 ಮಿಲಿ ಬೇಕಿದ್ದರೆ 3.92 ಗ್ರಾಂ ತೂಗಿದರೆ ಸಾಕು.