ಕೆಲಸ ಬಿಟ್ಟ ಮೇಲೆ ನನ್ನ ಬೆರಳಚ್ಚನ್ನು ಅಳಿಸಿ ಎಂದು ಸಂಸ್ಥೆಯನ್ನು ಕೇಳಬಹುದೇ?

ಮಂಗಳೂರಿನ ಖಾಸಗಿ ಸಂಸ್ಥೆಯೊಂದರಲ್ಲಿ ನಾಲ್ಕು ವರ್ಷ ದುಡಿದು ಹೊರಬಂದಿರುವ ತಾವು, ಅಲ್ಲಿನ ಹಾಜರಿ ಯಂತ್ರದಲ್ಲಿ ಉಳಿದಿರುವ ತಮ್ಮ ಬೆರಳಚ್ಚಿನ ಬಗ್ಗೆ ಕೇಳಿದ್ದೀರಿ. ಅಳಿಸಿ ಎಂದು ಕೇಳಬಹುದು, ಕೇಳಲೇಬೇಕು. ನಾನು ವಕೀಲನಲ್ಲ; ಉಡುಪಿಯಲ್ಲಿ ಬಹಳ ವರ್ಷಗಳಿಂದ ನೌಕರರ ಹಾಜರಿ ಮತ್ತು ಸಂಬಳದ ಲೆಕ್ಕ ನೋಡಿಕೊಳ್ಳುತ್ತಿರುವವನು.

ಹಿಂದೆ ನಾನಿದ್ದ ಸಂಸ್ಥೆಯೊಂದರಲ್ಲಿ ಹಳೆಯ ಹಾಜರಿ ಯಂತ್ರವನ್ನು ಗುಜರಿಗೆ ಹಾಕಲೆಂದು ಗೋಡೆಯಿಂದ ಕಳಚಿ ನನ್ನ ಮೇಜಿನ ಮೇಲೆ ತಂದಿಟ್ಟರು. ಅದರ ಗಾಜಿನ ಮೇಲೆ ಯಾರದೋ ಹೆಬ್ಬೆರಳಿನ ಜಿಡ್ಡು ಇನ್ನೂ ಹಾಗೆಯೇ ಇತ್ತು. ಪ್ಲಗ್ ಹಾಕಿ ಹೆಸರುಗಳ ಪಟ್ಟಿ ತೆರೆದು ನೋಡಿದರೆ, ಕೆಲಸ ಬಿಟ್ಟು ಗಲ್ಫಿಗೆ ಹೋದವರು, ಮದುವೆಯಾಗಿ ಮುಂಬಯಿ ಸೇರಿದವರು, ಕೊನೆಗೆ ತೀರಿಕೊಂಡ ಕಾವಲುಗಾರರೊಬ್ಬರು ಕೂಡ ಬೆರಳಚ್ಚಿನ ಸಮೇತ ಅದರಲ್ಲಿದ್ದರು. ಒಂದೊಂದಾಗಿ ಎಲ್ಲವನ್ನೂ ಅಳಿಸುವಷ್ಟರಲ್ಲಿ ಸಂಜೆಯಾಯಿತು. ಅಳಿಸಬೇಕೆಂದು ನನಗೆ ಯಾರೂ ಹೇಳಿರಲಿಲ್ಲ ಎಂಬುದೇ ನನ್ನನ್ನು ಇಂದಿಗೂ ಕಾಡುತ್ತದೆ.

ಇನ್ನು ಕಾನೂನಿನ ವಿಚಾರ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮಿನಡಿ 2011ರಲ್ಲಿ ಬಂದ ನಿಯಮಗಳು ಬೆರಳಚ್ಚು, ಕಣ್ಣಿನ ಪಾಪೆಯಂತಹ ಬಯೋಮೆಟ್ರಿಕ್ ವಿವರಗಳನ್ನು ಸೂಕ್ಷ್ಮ ಮಾಹಿತಿ ಎಂದು ಪರಿಗಣಿಸುತ್ತವೆ. ಅವುಗಳನ್ನು ಪಡೆಯುವ ಮೊದಲು ಸಂಸ್ಥೆಯು ಲಿಖಿತ ಒಪ್ಪಿಗೆ ಪಡೆಯಬೇಕು, ಉದ್ದೇಶ ತಿಳಿಸಬೇಕು, ಅಗತ್ಯ ಮುಗಿದ ಮೇಲೆ ಇಟ್ಟುಕೊಳ್ಳಬಾರದು. ಕುಂದುಕೊರತೆ ಅಧಿಕಾರಿಯೊಬ್ಬರನ್ನು ನೇಮಿಸಿ, ಬಂದ ದೂರನ್ನು ಒಂದು ತಿಂಗಳೊಳಗೆ ಬಗೆಹರಿಸಬೇಕು. ಇದರ ಜಾಗಕ್ಕೆ ಬರಲಿರುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದರೂ, ಸಂಸ್ಥೆಗಳ ಮುಖ್ಯ ಹೊಣೆಗಾರಿಕೆಗಳಿಗೆ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ದತ್ತಾಂಶವನ್ನು ಸುರಕ್ಷಿತವಾಗಿ ಕಾಯದ ಸಂಸ್ಥೆಗೆ 250 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ.

ಆದರೆ ಹೊಸ ಕಾಯ್ದೆಯ ಎರಡು ಅಂಶಗಳು ನನಗೆ ಸಮಾಧಾನ ತಂದಿಲ್ಲ. ಸೂಕ್ಷ್ಮ ಮಾಹಿತಿ ಎಂಬ ಪ್ರತ್ಯೇಕ ವರ್ಗವೇ ಅದರಲ್ಲಿಲ್ಲ. ಮೊಬೈಲ್ ಸಂಖ್ಯೆಗೂ ಬೆರಳಚ್ಚಿಗೂ ಒಂದೇ ಅಳತೆ. ಅಲ್ಲದೆ 7ನೇ ಕಲಮು ಉದ್ಯೋಗದ ಉದ್ದೇಶಗಳಿಗೆ ಒಪ್ಪಿಗೆಯಿಲ್ಲದೆಯೂ ಮಾಹಿತಿ ಬಳಸಲು ಎಡೆಮಾಡಿಕೊಟ್ಟಿದೆ. ಒಪ್ಪಿಗೆ ಕೇಳುವ ನೋಟಿಸನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಓದುವ ಅವಕಾಶ ಇರಬೇಕೆನ್ನುತ್ತದೆ ಕಾಯ್ದೆ. ಕನ್ನಡ, ಕೊಂಕಣಿ ಅದರಲ್ಲಿವೆ, ನಮ್ಮೂರಿನ ಎಷ್ಟೋ ಕಾರ್ಮಿಕರ ಮನೆಮಾತಾದ ತುಳು ಇಲ್ಲ.

ಬೆರಳಚ್ಚು ಸೋರಿದರೆ ಏನಾದೀತು ಎಂಬುದು ಮಂಗಳೂರಿನವರಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ. 2023ರಲ್ಲಿ, ನೋಂದಣಿ ಕಚೇರಿಯಲ್ಲಿ ಬೆರಳಚ್ಚು ಕೊಟ್ಟು ಆಸ್ತಿ ನೋಂದಣಿ ಮಾಡಿಸಿಕೊಂಡಿದ್ದ ಹಲವರ ಬ್ಯಾಂಕ್ ಖಾತೆಗಳಿಂದ, ಬೆರಳಚ್ಚಿನಿಂದಲೇ ಹಣ ತೆಗೆಯಬಹುದಾದ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ, ಒಟಿಪಿಯೂ ಬಾರದೆ ಹಣ ಹೋದ ದೂರುಗಳು ಇಲ್ಲಿಯೇ ದಾಖಲಾಗಿದ್ದವು. ಪಾಸ್‌ವರ್ಡ್ ಬದಲಿಸಬಹುದು, ಹೆಬ್ಬೆರಳನ್ನು ಬದಲಿಸಲಾಗದು. ತಾವು ಕೂಡ ಇಂದೇ ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ.

ಸಂಸ್ಥೆಗೆ ಪತ್ರ ಬರೆಯುವಾಗ ಹಾಜರಿ ದಾಖಲೆ ಮತ್ತು ಬೆರಳಚ್ಚಿನ ದಾಖಲೆಯನ್ನು ಬೇರೆಬೇರೆಯಾಗಿ ಹೆಸರಿಸಿ. ಬಂದ ಹೊತ್ತು, ಹೋದ ಹೊತ್ತು, ಕೊಟ್ಟ ಸಂಬಳದ ಲೆಕ್ಕವನ್ನು ಕಾರ್ಮಿಕ ಕಾನೂನಿನಂತೆ ಅವರು ಇಟ್ಟುಕೊಳ್ಳಬೇಕಾಗುತ್ತದೆ, ಅದಕ್ಕೆ ತಮ್ಮ ಬೆರಳಚ್ಚು ಬೇಕಾಗಿಲ್ಲ. “ನಮ್ಮಲ್ಲಿರುವುದು ಚಿತ್ರವಲ್ಲ, ಬರೀ ಸಂಖ್ಯೆಗಳು” ಎಂದು ಹೇಳಿದರೆ ಒಪ್ಪಬೇಡಿ. ಆ ಸಂಖ್ಯೆಗಳಿಂದಲೇ ಯಂತ್ರವು ತಮ್ಮನ್ನು ಗುರುತಿಸುತ್ತಿತ್ತು. ಯಂತ್ರದಿಂದಲೂ, ಅದರ ಹಿಂದಿನ ಸರ್ವರ್‌ನಿಂದಲೂ, ನಿರ್ವಹಣೆಯ ಗುತ್ತಿಗೆದಾರರಿಂದಲೂ ಅಳಿಸಿದ ದಿನಾಂಕವನ್ನು ಲಿಖಿತವಾಗಿ ಕೇಳಿ, ಪತ್ರದ ಒಂದು ಪ್ರತಿಗೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.